ನಲವತ್ತೈದು ಡಿಗ್ರಿಯ ಸಹವಾಸ

ಭಾವನವರ ಹಳೆಯ ಪೆಟ್ರೋಲ್ ಕಾರು ಮೊದಲಿನಿಂದಲೂ ವಾಚಾಳಿ. ಕೀಲಿ ತಿರುಗಿಸಿದರೆ ಸಾಕು, ಬಾನೆಟ್ಟಿನೊಳಗಿಂದ ಟಕಟಕ ಟಕಟಕ ಎಂದು ಶುರುವಿಟ್ಟುಕೊಳ್ಳುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಮಾತು ಕಮ್ಮಿಯಾಗುತ್ತ ಬಂದು ಕಡೆಗೆ ನಿಂತೇಹೋಯಿತು. ಅಂತೂ ಗಾಡಿಗೆ ಬುದ್ಧಿ ಬಂತೆಂದು ಅಕ್ಕ ಗಣಪತಿಗೆ ಕಾಯಿ ಒಡೆಸಿದಳು. ಆ ಪ್ರಸಾದ ತಿಂದುಕೊಂಡೇ ನಾವು ದಾಂಡೇಲಿಯಿಂದ ಜೊಯಿಡಾಕ್ಕೆ ಹೊರಟದ್ದು. ಗಣೇಶಗುಡಿಯ ಆಚೆ ಏರು ಸಿಕ್ಕಿತೋ ಇಲ್ಲವೋ, ಒಂದನೇ ಗೇರಿನಲ್ಲೂ ಏದುಸಿರು. ಭಾವ ಮಾತಾಡದೆ ನನ್ನ ಹೊಟ್ಟೆಯತ್ತ ನೋಡಿದರು. ಇಳಿದೆ. ಆಗಲೂ ಕಾರು ಹತ್ತಲಿಲ್ಲ. ನನ್ನ ಮಾನ ಉಳಿಯಿತು.

ಹೇಗೋ ಎಳೆಸಿಕೊಂಡು ಹಳಿಯಾಳಕ್ಕೆ ತಂದೆವು. ಮಿಸ್ತ್ರಿ ಬಾನೆಟ್ ಎತ್ತುವ ಮೊದಲೇ ಕೇಳಿದ: "ಸದ್ದು ಹೋಗಿ ಭಾಳ ದಿನ ಆತೇನ್ರೀ ಸರ?" ಭಾವ ಹೆಮ್ಮೆಯಿಂದ ಹೌದೆಂದರು. "ಸದ್ದು ಇರಬೇಕ್ರೀ. ಟ್ಯಾಪೆಟ್ ಗ್ಯಾಪ್ ಮುಚ್ಚಿಹೋಗೇತಿ. ವಾಲ್ವ್ ಸೀಟಿನ ಮ್ಯಾಲೆ ಕುಂದ್ರವಲ್ದು."

ವಿಷಯ ಇಷ್ಟೇ. ಸೀಟು ಸವೆದಂತೆ ವಾಲ್ವು ಹೆಡ್ಡಿನೊಳಕ್ಕೆ ಹೂತುಕೊಳ್ಳುತ್ತದೆ. ಹೂತಷ್ಟೂ ಅದರ ದಂಡದ ತುದಿ ಮೇಲೇರಿ, ಅದನ್ನು ಒತ್ತಿ ತೆರೆಯುವ ರಾಕರಿಗೂ ಅದಕ್ಕೂ ನಡುವೆ ಇರಬೇಕಾದ ಕೂದಲೆಳೆಯ ಸಂದು ಮುಚ್ಚುತ್ತದೆ. ಟಕಟಕ ನಿಲ್ಲುತ್ತದೆ, ಜೊತೆಗೆ ವಾಲ್ವು ಪೂರ್ತಿ ಮುಚ್ಚುವುದೂ ನಿಲ್ಲುತ್ತದೆ. ಆ ಬಿರುಕಿನಲ್ಲಿ ಬೆಂಕಿಯಂಥ ಅನಿಲ ನುಗ್ಗಿ ಎಕ್ಸಾಸ್ಟ್ ವಾಲ್ವಿನ ಅಂಚನ್ನೇ ತಿಂದುಹಾಕುತ್ತದೆ. ಹಿಂದೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಈ ಸೀಟಿನ ಮೇಲೆ ತೆಳ್ಳಗೆ ಲೇಪವಾಗಿ ಕೂತು ಸವೆತ ತಡೆಯುತ್ತಿತ್ತು. 2000ದಲ್ಲಿ ದೇಶದ ತುಂಬ ಸೀಸವಿಲ್ಲದ ಪೆಟ್ರೋಲ್ ಬಂತು. ನಮ್ಮ ಶ್ವಾಸಕೋಶಕ್ಕೆ ಒಳ್ಳೆಯದಾಯಿತು, ಮೆತ್ತನೆಯ ಸೀಟಿನ ಹಳೇ ಇಂಜಿನ್ನುಗಳಿಗೆ ಆಗಲಿಲ್ಲ.

ನಮ್ಮ ಸೋದರಮಾವನಿಗೆ ಈ ತಾಪತ್ರಯವೇ ಇರಲಿಲ್ಲ. ಅವನದು ಮೈಸೂರಿನ ಜಾವಾ. 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬೀಳತೊಡಗಿದ ಆ ಬೈಕಿನದು ಟೂ ಸ್ಟ್ರೋಕ್ ಇಂಜಿನ್ನು. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ವಾಲ್ವಿಲ್ಲ, ಸೀಟಿಲ್ಲ, ಸೀಟಿನ ಇಳಿಜಾರು ಎಷ್ಟಿರಬೇಕೆಂಬ ಕೋನದ ಚರ್ಚೆಯಿಲ್ಲ. ಮಾವ ಇವತ್ತಿಗೂ ಫೋರ್ ಸ್ಟ್ರೋಕಿನವರನ್ನು ಕಂಡರೆ ಕನಿಕರಪಡುತ್ತಾನೆ.

ಕೋನದ ಚರ್ಚೆ ಎತ್ತಿದ್ದು ಗ್ಯಾರೇಜಿನಲ್ಲಿ ಬೈಕ್ ರಿಪೇರಿಗೆ ಕಾದಿದ್ದ ಇಂಜಿನಿಯರಿಂಗ್ ಹುಡುಗ. ಹೇಗೂ ಹೊಸ ಸೀಟು ಹಾಕ್ತೀರಿ, ಇನ್‌ಲೆಟ್ಟಿಗೆ 45 ಯಾಕೆ, 30 ಡಿಗ್ರಿ ಕೊಡಿಸಿ ಅಂಕಲ್ ಎಂದ. ವಾಲ್ವು 1 ಮಿಲಿಮೀಟರ್ ಎದ್ದಾಗ 45ರ ಇಳಿಜಾರಿನಲ್ಲಿ ಬಿಡುವ ದಾರಿ 0.7 ಮಿಲಿಮೀಟರ್, 30ರದ್ದಾದರೆ ಹತ್ತಿರಹತ್ತಿರ 0.87. ಹೆಚ್ಚು ಗಾಳಿ, ಹೆಚ್ಚು ಶಕ್ತಿ! ಬೀಡಿ ಪೊಟ್ಟಣದ ಹಿಂದೆ ತ್ರಿಕೋನ ಬರೆದೂ ತೋರಿಸಿದ. ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಮಿಸ್ತ್ರಿಯ ಮುಖ ನೋಡಿದೆ.

ಮಿಸ್ತ್ರಿ ತ್ರಿಕೋನ ಬರೆಯಲಿಲ್ಲ. ಹಾಲಿನ ಪಾತ್ರೆಯ ಮೇಲೆ ಚಪ್ಪಟೆ ತಟ್ಟೆ ಮುಚ್ಚಿದರೆ ಬೆಕ್ಕು ಮೂತಿಯಲ್ಲೇ ಸರಿಸುತ್ತದೆ, ಒಳಗಿಳಿದು ಕೂರುವ ಮುಚ್ಚಳವಾದರೆ ಬೆಕ್ಕಿನ ಆಟ ನಡೆಯದು ಎಂದ. 45 ಡಿಗ್ರಿಯ ವಾಲ್ವು ಹಾಗೆ ತಾನಾಗಿ ನಡುವಿಗೆ ಜಾರಿ ಕೂರುತ್ತದೆ. ಗಟ್ಟಿಯಾಗಿಯೂ ಕೂರುತ್ತದೆ: ಸ್ಪ್ರಿಂಗು 20 ಕಿಲೋ ಎಳೆದರೆ 45ರಲ್ಲಿ ಸೀಟಿನ ಮೇಲೆ 28 ಕಿಲೋದಷ್ಟು ಒತ್ತಡ ಬೀಳುತ್ತದೆ, 30ರಲ್ಲಿ 23. ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚಬೇಕು. ಹಾಗಿರುವಾಗ ಬಿಗಿಯಾಗಿ ಕೂರುವುದೇ ದೊಡ್ಡ ಗುಣ.

ಹುಡುಗ ಸೋಲುವವನಲ್ಲ. ಡೀಸೆಲ್ಲಿನವರು ಇನ್‌ಲೆಟ್ಟಿಗೆ 30, ಎಕ್ಸಾಸ್ಟಿಗೆ 45 ಇಡುವುದುಂಟಲ್ಲ ಎಂದ. ಅದೂ ನಿಜವೇ. ಭಾರೀ ಇಂಜಿನ್ನಿನಲ್ಲಿ ಸ್ಫೋಟದ ಒತ್ತಡಕ್ಕೆ ವಾಲ್ವು ಸೀಟಿನ ಮೇಲೆ ಉಜ್ಜುತ್ತದೆ. ಕೋನ ಕಮ್ಮಿಯಿದ್ದರೆ ಉಜ್ಜಾಟವೂ ಕಮ್ಮಿ. ಹಳಿಯಾಳದ ಕಬ್ಬಿನ ಟ್ರ್ಯಾಕ್ಟರಿಗೆ ಒಪ್ಪುವುದು ಭಾವನವರ ಕಾರಿಗೆ ಒಪ್ಪಬೇಕೆಂದೇನೂ ಇಲ್ಲ. ಕಡೆಗೆ ರಾಜಿಯಾಯಿತು. ಸೀಟು 45ರಲ್ಲೇ, ಅದರ ಮೇಲಂಚಿಗೆ 30, ಗಂಟಲಿನ ಕಡೆಗೆ 60 ಡಿಗ್ರಿಯ ಕಟಿಂಗು. ಗಾಳಿಗೂ ತಿರುವು ಸಲೀಸು, ಕೂರುವ ಪಟ್ಟಿಯ ಅಗಲವೂ ಕೈಯಲ್ಲಿ.

ಆ ಪಟ್ಟಿಯ ವಿಷಯದಲ್ಲಿ ಮಾತ್ರ ಮಿಸ್ತ್ರಿ ಜಗ್ಗಲಿಲ್ಲ. ಎಕ್ಸಾಸ್ಟ್ ವಾಲ್ವಿನ ಕಾವು ಬಹುಪಾಲು ಇಳಿದುಹೋಗುವುದು ಸೀಟಿನ ಮೂಲಕವೇ. ರೇಸಿನವರಂತೆ ಕತ್ತಿಯಂಚಿನ ಪಟ್ಟಿ ಕೊಟ್ಟರೆ ವಾಲ್ವು ಬೇಯುತ್ತದೆ. ತೀರ ಅಗಲವಾದರೆ ಒತ್ತಡ ಹಂಚಿಹೋಗಿ ಮಸಿ ಸಿಕ್ಕಿಕೊಳ್ಳುತ್ತದೆ. ಎಕ್ಸಾಸ್ಟಿಗೆ ಒಂದೂವರೆ ಎರಡು ಮಿಲಿಮೀಟರ್, ಇನ್‌ಲೆಟ್ಟಿಗೆ ಅದಕ್ಕಿಂತ ಕಮ್ಮಿ.

ಕೆಲಸ ನಡೆದಿದ್ದಾಗ ನಾನು ಮುಂಡಗೋಡಕ್ಕೆ ಹೋಗಿ ಟಿಬೆಟನ್ ಕ್ಯಾಂಪಿನಲ್ಲಿ ಮೊಮೊ ತಿಂದು ಬಂದೆ. ಇಂಜಿನ್ನಿಗೂ ಇದಕ್ಕೂ ಸಂಬಂಧವಿಲ್ಲ, ಮೊಮೊ ಚೆನ್ನಾಗಿತ್ತು. ವಾಪಸಾಗುವಷ್ಟರಲ್ಲಿ ಹುಡುಗ ವಾಲ್ವಿನ ಆಕಾರಕ್ಕೆ ಬಂದಿದ್ದ. ಬೆನ್ನು ತುಂಬಿಕೊಂಡ ಟ್ಯೂಲಿಪ್ ವಾಲ್ವು ಒಳ್ಳೆಯದಂತೆ. ಪೋರ್ಟು ನೆಟ್ಟಗೆ ಇಳಿಯುವ ಹೆಡ್ಡಿಗೆ ಅದು ಸರಿ. ನಮ್ಮದರಲ್ಲಿ ಪೋರ್ಟು ತಟ್ಟನೆ ತಿರುಗುತ್ತದೆ. ಅಲ್ಲಿ ತೆಳುಬೆನ್ನಿನ ಚಪ್ಪಟೆ ವಾಲ್ವೇ ಗಾಳಿಗೆ ಹೆಚ್ಚು ಜಾಗ ಬಿಡುತ್ತದೆ. ತೂಕವೂ ಕಮ್ಮಿ. ತೂಕ ಹೆಚ್ಚಿದರೆ ಗಡಸು ಸ್ಪ್ರಿಂಗು ಬೇಕು, ಇಲ್ಲವಾದರೆ ವೇಗದಲ್ಲಿ ವಾಲ್ವು ಹೊತ್ತಿಗೆ ಸರಿಯಾಗಿ ಸೀಟಿಗೆ ಮರಳುವುದಿಲ್ಲ. ತೂಕದ ಮಾತು ಬಂದಾಗ ಭಾವ ಮತ್ತೆ ನನ್ನತ್ತ ನೋಡಿದರು.

ನನ್ನ ಅಭಿಪ್ರಾಯ ಕೇಳಿದರೆ, ಕಂಪನಿ ಇಟ್ಟ ಕೋನವನ್ನು ಬದಲಿಸುವ ಹಟ ಬೇಡ. ನಮ್ಮ ಏರುರಸ್ತೆಗಳಿಗೆ ಬೇಕಾದದ್ದು ನಿಂತು ಬಾಳುವ ಇಂಜಿನ್ನು. ಹೆಡ್ ಕೆಲಸ ಮಾಡಿಸಿದರೆ ಒಂದು ಮಾತ್ರ ತಪ್ಪದೆ ಮಾಡಿ. ಹೆಡ್ಡು ಕೂರಿಸುವ ಮೊದಲು ಪ್ಲಗ್ ಬಿಗಿದು, ಮಗುಚಿಟ್ಟು, ವಾಲ್ವಿನ ಮೇಲೆ ಚಿಮಣಿ ಎಣ್ಣೆ ಹೊಯ್ಯಿಸಿ, ಚಾ ಕುಡಿದು ಬಂದು ಪೋರ್ಟಿನೊಳಗೆ ಬೆರಳಾಡಿಸಿ. ಒದ್ದೆಯಾಗಿದ್ದರೆ ಬಿಲ್ಲು ಕೊಡಬೇಡಿ.