ಹೆಡ್ಡಿನ ಜೀರ್ಣೋದ್ಧಾರ ಮೀಮಾಂಸೆ

ವಿಷಯ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದಲ್ಲಿ ಏನೇನು ಓದಿಸುತ್ತಿದ್ದರು ಎಂಬುದನ್ನು ಅಲ್ಲಿನ ಕೇದಾರೇಶ್ವರ ದೇವಾಲಯದ 1162ರ ಶಾಸನ ಪಟ್ಟಿ ಮಾಡಿ ಹೇಳುತ್ತದೆ. ವೇದ, ವ್ಯಾಕರಣ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ, ಯಾವುದನ್ನೂ ಬಿಟ್ಟಿಲ್ಲ. ಹಸಿದವರಿಗೆ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಡೀಸೆಲ್ ಎಂಜಿನ್ನಿನ ಸಿಲಿಂಡರ್ ಹೆಡ್ಡಿನ ಪ್ರಸ್ತಾಪ ಮಾತ್ರ ಇಲ್ಲ. ರುಡಾಲ್ಫ್ ಡೀಸೆಲ್‌ಗೆ ಪೇಟೆಂಟ್ ಸಿಕ್ಕಿದ್ದು 1893ರಲ್ಲಿ. ಆದ್ದರಿಂದ ಇದನ್ನು ಆ ಮಠದ ಕಾಳಾಮುಖ ಶೈವ ಯತಿಗಳ ಪ್ರಮಾದವೆಂದು ಎಣಿಸಲಾಗದು. ಆದರೆ ಆಮೇಲೆ ಬಂದ ಪಂಡಿತರಿಗೆ ಆ ವಿನಾಯಿತಿ ಇಲ್ಲ. ಈ ಅಧಿಕರಣ ಆ ಲೋಪವನ್ನು ತುಂಬಲು ಹೊರಟಿದೆ.

ಸಂಶಯ

ಉಡುತಡಿಯ ಸುತ್ತಮುತ್ತ ಗದ್ದೆಯ ಕೆಸರು ಕಲಕುವುದು 13 ಅಶ್ವಶಕ್ತಿಯ ಒಂಟಿ ಸಿಲಿಂಡರಿನ ಟಿಲ್ಲರು. ಅದು ಒಂದು ದಿನ ಕುದಿಯತೊಡಗುತ್ತದೆ. ಹ್ಯಾಂಡಲ್ ತಿರುಗಿಸಿದವನ ರಟ್ಟೆ ಬಿದ್ದರೂ ಸ್ಟಾರ್ಟ್ ಆಗುವುದಿಲ್ಲ. ಹೆಡ್ಡು ಬಿಚ್ಚಿದರೆ ಎರಡು ವಾಲ್ವ್ ಸೀಟುಗಳ ನಡುವೆ ಒಂದು ಸಣ್ಣ ಬಿರುಕು. ಇದನ್ನು ಲೇತ್ ಅಂಗಡಿಗೆ ಒಯ್ದು ಉದ್ಧಾರ ಮಾಡಿಸಬೇಕೋ, ಹೊಸದನ್ನೇ ತರಬೇಕೋ? ಕೌಶಿಕನ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ನಡೆದ ಅಕ್ಕಮಹಾದೇವಿಯ ಊರಿದು. ಆದರೂ ಹಳೇ ಹೆಡ್ಡಿನ ಮೇಲೆ ವೈರಾಗ್ಯ ಬಂದವರು ಇಲ್ಲಿ ಯಾರೂ ಇಲ್ಲ.

ಪ್ರಮಾಣ

ನೈಯಾಯಿಕರು ಬೆಟ್ಟದ ಮೇಲೆ ಹೊಗೆ ಕಂಡರು, ಬೆಂಕಿಯಿದೆ ಎಂದರು, ಊಟಕ್ಕೆ ಎದ್ದರು. ಹೊಗೆಯ ಬಣ್ಣ ಯಾವುದು ಎಂದು ಸಾವಿರಾರು ವರ್ಷ ಯಾರೂ ಕೇಳಲಿಲ್ಲ. ಶಿರಾಳಕೊಪ್ಪದ ಯಾವ ಮೆಕ್ಯಾನಿಕ್ಕನ್ನು ಬೇಕಾದರೂ ಕೇಳಿ, ಅನುಮಾನ ಪ್ರಮಾಣ ಎಷ್ಟು ಮುಂದುವರಿದಿದೆ ಎಂದು ತಿಳಿಯುತ್ತದೆ. ಕಪ್ಪು ಹೊಗೆಯಾದರೆ ಡೀಸೆಲ್ ಪೂರ್ತಿ ಉರಿದಿಲ್ಲ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ರಿಂಗೋ ವಾಲ್ವ್ ಗೈಡೋ ಸವೆದಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿದೆ ಎಂಬ ಶಂಕೆ.

ಪ್ರತ್ಯಕ್ಷ ಪ್ರಮಾಣ ಮೂರು ಬಗೆ. ಹೆಡ್ಡಿನ ಮುಖದ ಮೇಲೆ ನೆಟ್ಟಗಿನ ಪಟ್ಟಿಯಿಟ್ಟು, ಸಂದಿಯಲ್ಲಿ ಫೀಲರ್ ಗೇಜ್ ತೂರಿಸುವುದು ಒಂದು. ಪೋರ್ಟಿಗೆ ಸೀಮೆಎಣ್ಣೆ ಸುರಿದು ವಾಲ್ವಿನ ಅಂಚಿನಲ್ಲಿ ಜಿನುಗುತ್ತದೆಯೇ ಎಂದು ಕಾಯುವುದು ಎರಡು. ಆಯಿಲ್ ಕಡ್ಡಿ ಎಳೆದು ನೋಡುವುದು ಮೂರು. ಅದರ ಬಣ್ಣ ಹಾಲು ಬೆರೆಸಿದ ಕಾಫಿಯಂತಿದ್ದರೆ ವಾದ ಅಲ್ಲಿಗೆ ಮುಗಿಯಿತು, ನೀರು ಆಯಿಲಿಗೆ ಇಳಿದಿದೆ. ಇನ್ನು ಶಬ್ದ ಪ್ರಮಾಣ. ಲೇತಿನವರು ‘ಇದಕ್ಕೆ ಇನ್ನೂ ಹತ್ತು ವರ್ಷ ಆಯುಷ್ಯ ಇದೆ’ ಎನ್ನುತ್ತಾರೆ. ಬಿಡಿಭಾಗದ ಅಂಗಡಿಯವರು ‘ಇದು ಮುಗೀತು ಸ್ವಾಮಿ’ ಎನ್ನುತ್ತಾರೆ. ಎರಡೂ ಆಪ್ತವಾಕ್ಯ.

ಪೂರ್ವಪಕ್ಷ

ಸಾಂಖ್ಯರ ಪ್ರಕಾರ ಕಾರ್ಯ ಕಾರಣದಲ್ಲಿ ಮೊದಲೇ ಅಡಗಿರುತ್ತದೆ. ಆದ್ದರಿಂದ ಹೆಡ್ಡು ಎರಕ ಹೊಯ್ದ ದಿನವೇ ಬಿರುಕು ಅದರಲ್ಲಿತ್ತು. ಇದನ್ನು ವಾರಂಟಿ ಅರ್ಜಿಯಲ್ಲಿ ಬರೆದರೆ ಯಾವ ಕಂಪನಿಯೂ ಒಪ್ಪುವುದಿಲ್ಲ. ಅವಯವ ಬದಲಾದರೆ ಹಳೆಯ ಅವಯವಿ ನಾಶವಾಗಿ ಹೊಸದೊಂದು ಹುಟ್ಟುತ್ತದೆ ಎನ್ನುವರು ವೈಶೇಷಿಕರು. ಹಾಗಾದರೆ ವಾಲ್ವ್ ಗೈಡ್ ಬದಲಿಸಿದರೂ ಟಿಲ್ಲರು ಹೊಸದೇ. ಮಾರುವವರೆಲ್ಲ ಈ ಪಂಥದವರು. ಹೆಡ್ಡು ಕ್ಷಣಕ್ಷಣಕ್ಕೂ ಬೇರೆಯೇ, ಬಿಚ್ಚಿದ್ದು ಯಾವುದು, ಜೋಡಿಸುವುದು ಯಾವುದು ಎನ್ನುವ ಬೌದ್ಧರಿಗೆ ಬಿಲ್ಲು ಯಾರ ಹೆಸರಿಗೆ ಬರೆಯಬೇಕೆಂಬುದೇ ಸಮಸ್ಯೆ. ಚಾರ್ವಾಕರು ಮಾತ್ರ ಸ್ಪಷ್ಟ: ಸೊಸೈಟಿ ಸಾಲ ಮಾಡು, ಹೊಸದು ಹಾಕು, ಮನ್ನಾ ಆಗುತ್ತದೆಯೇ ನೋಡು.

ಹೆಡ್ಡು ಬದಲಾದರೆ ಟಿಲ್ಲರು ಹಳೆಯದೋ ಹೊಸದೋ ಎಂಬ ಪ್ರಶ್ನೆ ವೇತಾಳನ ಕಾಲದ್ದು. ತಲೆ ಅದಲುಬದಲಾದವರಲ್ಲಿ ಗಂಡ ಯಾರು ಎಂದು ವೇತಾಳ ಕೇಳಿದಾಗ ವಿಕ್ರಮ ತಲೆಯಿದ್ದವನೇ ಗಂಡ ಎಂದ. ಕಾರ್ನಾಡರು ‘ಹಯವದನ’ದಲ್ಲಿ ಅದನ್ನು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಕೃಷಿ ಇಲಾಖೆಯಂತೂ ಒಪ್ಪುವುದೇ ಇಲ್ಲ. ಸಬ್ಸಿಡಿ ಕಾಗದದಲ್ಲಿ ಬರೆಯುವ ಎಂಜಿನ್ ನಂಬರು ಕೊರೆದಿರುವುದು ಬ್ಲಾಕಿನ ಮೇಲೆ.

ಸಿದ್ಧಾಂತ

ತಾಳಗುಂದದ ಸ್ತಂಭಶಾಸನ ಹೇಳುವಂತೆ ಮಯೂರಶರ್ಮ ಓದಲೆಂದು ಕಂಚಿಗೆ ಹೋಗಿ, ಅವಮಾನವಾಗಲು ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಆ ನೆಲದ ಸಂಪ್ರದಾಯ ಮನ್ನಿಸಿ ನಾವೂ ಇಲ್ಲಿ ಸ್ಪ್ಯಾನರ್ ಹಿಡಿಯೋಣ.

ಮೊದಲ ಸೂತ್ರ: ಕಾರಣ ಉಳಿದರೆ ಕಾರ್ಯ ಮರಳುತ್ತದೆ. ಕಾಲುವೆಯ ಕೆಸರುನೀರನ್ನೇ ಎಂಜಿನ್ನಿಗೆ ತುಂಬಿಸಿದರೆ ಒಳಗೆ ಗಸಿ ಕಟ್ಟುತ್ತದೆ, ಶಾಖ ಹೊರಗೆ ಹೋಗುವುದಿಲ್ಲ. ಕುದಿಯುವ ಎರಕದ ಕಬ್ಬಿಣಕ್ಕೆ ತಣ್ಣೀರು ಸುರಿದರೆ ಬಿರಿಯುತ್ತದೆ. ಈ ಎರಡು ಅಭ್ಯಾಸ ಬಿಡದವನಿಗೆ ಹೊಸ ಹೆಡ್ಡೂ ಮುಂದಿನ ಮಳೆಗಾಲದವರೆಗೆ ಮಾತ್ರ.

ಎರಡನೆಯದು: ಸವೆದದ್ದಕ್ಕೂ ಬಾಗಿದ್ದಕ್ಕೂ ಉದ್ಧಾರ, ಬಿರಿದದ್ದಕ್ಕೆ ಹೊಸದು. ಗೈಡನ್ನು ಒತ್ತಿ ತೆಗೆದು ಬೇರೆ ಕೂರಿಸಬಹುದು. ಸೀಟು ಕಟ್ ಮಾಡಿಸಿ ಪೇಸ್ಟ್ ಹಚ್ಚಿ ವಾಲ್ವ್ ಉಜ್ಜಬಹುದು. ಬಾಗಿದ ಮುಖವನ್ನು ಫೇಸಿಂಗ್ ಮಾಡಿಸಬಹುದು, ಆದರೆ ಮಿತವಾಗಿ. ಅತಿಯಾಗಿ ಹೆರೆದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಎರಕದ ಕಬ್ಬಿಣದ ಬಿರುಕಿಗೆ ವೆಲ್ಡಿಂಗ್ ಇಲ್ಲವೆಂದಲ್ಲ. ಇಡೀ ಹೆಡ್ಡನ್ನು ಕಾಯಿಸಿ, ನಿಕ್ಕಲ್ ರಾಡಿನಲ್ಲಿ ಬೆಸೆದು, ನಿಧಾನವಾಗಿ ಆರಲು ಬಿಡುವ ತಾಳ್ಮೆ ಬೇಕು. ಅವಸರ ಮಾಡಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು. ಒತ್ತಿದ ಗಾಳಿಯ ಬಿಸಿ 500 ಡಿಗ್ರಿ ದಾಟುವ ಜಾಗವದು. ಅಲ್ಲಿ ತೇಪೆಯ ಬಾಳಿಕೆಗೆ ಜಾಮೀನು ನಿಲ್ಲುವವರಿಲ್ಲ.

ಮೂರನೆಯದು: ರಿಪೇರಿಯ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಉದ್ಧಾರದ ಮಾತು ನಿಲ್ಲಿಸಬೇಕು.

ಈ ಮೂರನ್ನೂ ನಾಲ್ಕನೆಯ ಸೂತ್ರ ನುಂಗುತ್ತದೆ: ಕಾಲವೇ ಪ್ರಮಾಣ. ಬೇಸಿಗೆಯಲ್ಲಿ ಎಲ್ಲರೂ ಉದ್ಧಾರವಾದಿಗಳು. ಪುಷ್ಯ ಮಳೆ ಹಿಡಿದು, ಸಸಿ ಮಡಿಯಲ್ಲಿ ಬಲಿತು, ನಾಟಿಯ ಆಳುಗಳು ಬದುವಿನ ಮೇಲೆ ಕೂತಿರುವಾಗ, ಲೇತ್ ಅಂಗಡಿಯ ಮುಂದೆ ಊರೂರಿನ ಹೆಡ್ಡುಗಳು ಸಾಲುಗಟ್ಟಿರುತ್ತವೆ. ಆಗ ಕಟ್ಟಾ ಉದ್ಧಾರವಾದಿಯೂ ಬೈಕ್ ಹತ್ತಿ ಹೊಸ ಹೆಡ್ಡು ತರಲು ಹೋಗುತ್ತಾನೆ.

ಆದ್ದರಿಂದ ಸಮುಚ್ಚಯವೇ ಸಿದ್ಧಾಂತ: ನಾಟಿಗೆ ಹೊಸದು ಹಾಕು, ಹಳೆಯದರಲ್ಲಿ ಬಿರುಕಿಲ್ಲದಿದ್ದರೆ ಬೇಸಿಗೆಯಲ್ಲಿ ಉದ್ಧಾರ ಮಾಡಿಸಿ ಅಟ್ಟದ ಮೇಲಿಡು. ‘ಎರಡೂ ಖರ್ಚು ಬಂತಲ್ಲ’ ಎಂದು ಮನೆಯಾಕೆ ಆಕ್ಷೇಪಿಸುವಳು. ಶಂಕರಾಚಾರ್ಯರೂ ಸಮುಚ್ಚಯವಾದವನ್ನು ಒಪ್ಪಲಿಲ್ಲ. ಆದರೆ ಅವರಿಗೆ ಮೂರೆಕರೆ ಗದ್ದೆ ಇರಲಿಲ್ಲ.

ಫಲಶ್ರುತಿ

ಈ ಅಧಿಕರಣವನ್ನು ಬೇಸಿಗೆಯಲ್ಲಿ ಓದಿದವರ ಟಿಲ್ಲರು ಕುದಿಯದು. ಆಯಿಲ್ ಬದಲಿಸುತ್ತಾ ಓದಿದವರ ಗೈಡು ಸವೆಯದು. ನಾಟಿಯ ಹೊತ್ತಿನಲ್ಲಿ ಓದುತ್ತಾ ಕೂತವರಿಗೆ ಆಳುಗಳ ದಿನಗೂಲಿಯೊಂದೇ ಫಲ; ಅದನ್ನು ಸಂಜೆಗೆ ಕೊಡಲೇಬೇಕು.