ಮಿಂಚಂಚೆಯ ಪಿಡಿಎಫೀಕರಣ: ಒಂದು ತಾತ್ವಿಕ ಅನುಸಂಧಾನ

1. ಪ್ರಸ್ತಾವನೆ, ವ್ಯಾಪ್ತಿ ಮತ್ತು ಮಿತಿ

ಇಮೇಲ್ ಒಂದನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳುವುದು ಮೇಲ್ನೋಟಕ್ಕೆ ಸಣ್ಣ ಕೆಲಸ. ಕಂಟ್ರೋಲ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು, ಪ್ರಿಂಟರಿನ ಹೆಸರಿರುವ ಕಡೆ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಬೇಕು, ಕಡತಕ್ಕೊಂದು ಹೆಸರು ಕೊಡಬೇಕು. ಮುಗಿಯಿತು. ಆದರೆ ಇಷ್ಟು ಬೇಗ ಮುಗಿದುಹೋಗುವ ವಿಷಯದ ಮೇಲೆ ಎರಡು ದಿನಗಳ ವಿಚಾರ ಸಂಕಿರಣ ನಡೆಸಲಾಗದು. ಆದಕಾರಣ ಪ್ರಸ್ತುತ ಪ್ರಬಂಧವು ಅಂಚೆ ಮತ್ತು ಕಡತಗಳ ನಡುವಣ ಮುಖಾಮುಖಿಯನ್ನು ಯಜಮಾನಿಕೆಯ ಸಂಕಥನದ ನೆಲೆಯಲ್ಲಿ ನಿರಚನಗೊಳಿಸುತ್ತ, ಪಠ್ಯವು ಪುರಾವೆಯಾಗಿ ಪಲ್ಲಟಗೊಳ್ಳುವ ಪ್ರಕ್ರಿಯೆಯ ಬಹುಮುಖಿ ಆಯಾಮಗಳನ್ನು ಅನುಸಂಧಾನಕ್ಕೆ ಒಡ್ಡುವ ಒಂದು ವಿನಮ್ರ ಪ್ರಯತ್ನವಾಗಿದೆ. ಈ ವಾಕ್ಯದ ಅರ್ಥ ಬೇಕಾದವರು ಚಹಾ ವಿರಾಮದಲ್ಲಿ ವಿಚಾರಿಸತಕ್ಕದ್ದು.

ಅಧ್ಯಯನದ ವ್ಯಾಪ್ತಿ: ಮೌಲ್ಯಮಾಪನ ತಂಡದ ಭೇಟಿಗೆ ಸಜ್ಜಾಗುತ್ತಿರುವ ಪದವಿ ಕಾಲೇಜು. ಅಧ್ಯಯನದ ಮಿತಿ: ಐದು ಎಂಬಿ.

2. ಚಾರಿತ್ರಿಕ ಹಿನ್ನೆಲೆ

1971ರಲ್ಲಿ ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್‌ಸನ್ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಪಕ್ಕದ ಕಂಪ್ಯೂಟರಿಗೆ ಸಂದೇಶ ಕಳಿಸಿದರು. ಆ ಮೊದಲ ಸಂದೇಶದಲ್ಲಿ ಏನಿತ್ತೆಂಬುದು ಮುಂದೆ ಅವರಿಗೇ ನೆನಪಿರಲಿಲ್ಲ. ಅವರು ನಮ್ಮಲ್ಲಿ ಉಪನ್ಯಾಸಕರಾಗಿದ್ದಿದ್ದರೆ, ಪುರಾವೆ ಲಗತ್ತಿಸಿಲ್ಲವೆಂಬ ಕಾರಣಕ್ಕೆ ಇಮೇಲ್‌ನ ಆವಿಷ್ಕಾರಕ್ಕೆ ಸೊನ್ನೆ ಅಂಕ ಬೀಳುತ್ತಿತ್ತು.

1991ರಲ್ಲಿ ಅಡೋಬಿ ಸಂಸ್ಥೆಯ ಜಾನ್ ವಾರ್ನಾಕ್ ‘ಕ್ಯಾಮೆಲಾಟ್’ ಎಂಬ ಯೋಜನೆಗೆ ಕೈಹಾಕಿದರು. ಯಾವ ಯಂತ್ರದಲ್ಲಿ ತಯಾರಾದ ದಾಖಲೆಯೇ ಆಗಲಿ, ಬೇರೆ ಯಾವ ಯಂತ್ರದಲ್ಲಿ ತೆರೆದರೂ ಅದು ಇದ್ದ ಹಾಗೇ ಕಾಣಬೇಕೆಂಬುದು ಅವರ ಹಂಬಲ. 1993ರಲ್ಲಿ ಪಿಡಿಎಫ್ ಹೊರಬಂತು, 2008ರಲ್ಲಿ ಐಎಸ್‌ಒ ಮಾನಕವಾಯಿತು. ದಾಖಲೆ ಕಾಗದದ ಹಂಗಿಲ್ಲದೆ ಊರೂರು ಸುತ್ತಲಿ ಎಂದು ಹುಟ್ಟಿದ ಕೂಸು ಇದು. ವಾರ್ನಾಕ್ ಬಹಳ ದೂರ ಯೋಚಿಸಿದ್ದರು. ಪ್ರಾಂಶುಪಾಲರ ದುಂಡು ಮೊಹರಿನವರೆಗೆ ಯೋಚಿಸಿರಲಿಲ್ಲ.

3. ವರ್ಗೀಕರಣ

ಪಿಡಿಎಫ್‌ಗಳು ಏಳು ವಿಧ.

ಒಂದು, ಸ್ವಯಂಭೂ. ಇಮೇಲ್‌ನಿಂದ ನೇರವಾಗಿ ಹುಟ್ಟಿದ್ದು. ತೂಕ ಕಡಿಮೆ, ಅಕ್ಷರ ನಿಚ್ಚಳ. ಆದ್ದರಿಂದ ಮಾನ್ಯತೆ ಇಲ್ಲ.

ಎರಡು, ಛಾಯಾಜ. ಪರದೆಗೆ ಮೊಬೈಲ್ ಹಿಡಿದು ಫೋಟೊ ತೆಗೆದು ಮಾಡಿದ್ದು. ತೆಗೆದವರ ಹೆಬ್ಬೆರಳು ಮತ್ತು ಟ್ಯೂಬ್‌ಲೈಟಿನ ಪ್ರತಿಬಿಂಬ ಇದರ ಲಕ್ಷಣಗಳು. ಕ್ಯಾಮ್‌ಸ್ಕ್ಯಾನರ್ ಆ್ಯಪನ್ನು ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿತು. ‘ಕ್ಯಾಮ್‌ಸ್ಕ್ಯಾನ್ ಮಾಡಿ ಹಾಕಿ ಮೇಡಂ’ ಎಂಬ ಆದೇಶ ಇಂದಿಗೂ ಜಾರಿಯಲ್ಲಿದೆ.

ಮೂರು, ದ್ವಿಜ. ಇದೇ ಶ್ರೇಷ್ಠ. ಇಮೇಲನ್ನು ಪಿಡಿಎಫ್ ಮಾಡಿ, ಮುದ್ರಿಸಿ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ, ಪ್ರಾಂಶುಪಾಲರ ಮೊಹರು ಒತ್ತಿಸಿ, ಸ್ಕ್ಯಾನ್ ಮಾಡಿ, ಮತ್ತೆ ಪಿಡಿಎಫ್ ಮಾಡಿದ್ದು. ಎರಡನೆಯ ಜನ್ಮದಲ್ಲಿ ಇದಕ್ಕೆ ಅಕ್ಷರಜ್ಞಾನ ಹೋಗಿರುತ್ತದೆ. ಇಡೀ ಪುಟ ಒಂದು ಚಿತ್ರ, ಹುಡುಕಿದರೆ ಒಂದು ಪದವೂ ಸಿಗದು. ತೂಕವೇರಿ ಅಪ್‌ಲೋಡಿನ ಮಿತಿಯಾದ ಐದು ಎಂಬಿ ದಾಟಿದಾಗ, ಯಾವ ದೇಶದ್ದೋ ತಿಳಿಯದ ಪುಕ್ಕಟೆ ಜಾಲತಾಣಕ್ಕೆ ಕಾಲೇಜಿನ ದಾಖಲೆಯನ್ನು ಏರಿಸಿ ಕುಗ್ಗಿಸಿಕೊಳ್ಳಲಾಗುತ್ತದೆ. ಆಮೇಲೆ ಬರಹ ಓದಲು ಬರುವುದಿಲ್ಲ. ಮೊಹರು ಕಾಣುತ್ತದೆ, ಸಾಕು.

ನಾಲ್ಕರಿಂದ ಏಳರವರೆಗಿನವೂ ಮೂರನೆಯದರಂತೆಯೇ, ಇನ್ನಷ್ಟು ಸೊಟ್ಟ. ಬಿಟ್ಟುಬಿಡೋಣ.

4. ಪೂರ್ವಪಕ್ಷ ಮತ್ತು ಸಿದ್ಧಾಂತ

ಪೂರ್ವಪಕ್ಷ: ‘ಇಮೇಲನ್ನು ಯಾರು ಬೇಕಾದರೂ ತಿದ್ದಬಹುದು. ಪಿಡಿಎಫ್ ಕಲ್ಲಿನಲ್ಲಿ ಕೊರೆದ ಶಾಸನ. ಆದ್ದರಿಂದ ಪಿಡಿಎಫೇ ಪ್ರಮಾಣ.’ ಹೀಗೆಂದು ಕಾಲೇಜಿನ ಮೌಲ್ಯಮಾಪನ ಸಂಯೋಜಕರು.

ಸಿದ್ಧಾಂತ: ಇದು ತಲೆಕೆಳಗು. ಬಂದ ಇಮೇಲ್‌ನ ಮೂಲ ಪ್ರತಿಯಲ್ಲಿ ಕಣ್ಣಿಗೆ ಬೀಳದ ಒಂದು ತಲೆಬರಹವಿರುತ್ತದೆ. ಸಂದೇಶ ಯಾವ ಸರ್ವರಿನಿಂದ ಹೊರಟಿತು, ಎಲ್ಲೆಲ್ಲಿ ಹಾಯ್ದು ಎಷ್ಟು ಗಂಟೆಗೆ ಬಂತು, ಅದರ ಗುರುತು ಸಂಖ್ಯೆ ಯಾವುದು, ಎಲ್ಲವೂ ಅಲ್ಲಿ ದಾಖಲಾಗಿರುತ್ತದೆ. ಬಹುಪಾಲು ಇಮೇಲ್‌ಗಳಲ್ಲಿ ಡಿಕೆಐಎಂ ಎಂಬ ಗೂಢಲಿಪಿಯ ಸಹಿಯೂ ಇರುತ್ತದೆ. ಒಳಗಿನ ಒಂದು ಪದ ತಿದ್ದಿದರೂ ಆ ಸಹಿ ತಾಳೆಯಾಗುವುದಿಲ್ಲ. ಪ್ರಿಂಟ್ ಒತ್ತಿದೊಡನೆ ಇಷ್ಟೂ ಕಳಚಿಬೀಳುತ್ತದೆ. ಲಗತ್ತುಗಳ ಹೆಸರು ಮಾತ್ರ ಉಳಿದು ಲಗತ್ತು ಮಾಯವಾಗುತ್ತದೆ. ಅಂಚೆ ಮುದ್ರೆಯಿದ್ದ ಲಕೋಟೆಯನ್ನು ಹರಿದೆಸೆದು, ಕಾಗದದ ಮೇಲೆ ನಮ್ಮದೇ ಮುದ್ರೆ ಒತ್ತಿಕೊಂಡಂತೆ. ಇನ್ನು ಆ ಪಿಡಿಎಫನ್ನು ತಿದ್ದಲು ಯಾವ ವಿದ್ಯೆಯೂ ಬೇಡ, ಜೆರಾಕ್ಸ್ ಅಂಗಡಿಯ ಹುಡುಗ ಸಾಕು.

ಕಾಯ್ದೆಯೂ ಸಂಯೋಜಕರ ಪಕ್ಷದಲ್ಲಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ವಿದ್ಯುನ್ಮಾನ ದಾಖಲೆಯನ್ನು ಅದು ಹುಟ್ಟಿದ ಅಥವಾ ಬಂದ ರೂಪದಲ್ಲೋ, ಅದನ್ನೇ ಕರಾರುವಾಕ್ಕಾಗಿ ತೋರಿಸುವ ರೂಪದಲ್ಲೋ ಇಡಬೇಕು. ಎಲ್ಲಿಂದ ಎಲ್ಲಿಗೆ, ಯಾವ ದಿನ, ಯಾವ ಹೊತ್ತಿಗೆ ಎಂಬ ವಿವರವೂ ಜೊತೆಗಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಹ್ಯಾಶ್ ಮೌಲ್ಯವನ್ನು, ಎಂದರೆ ಕಡತದ ಗಣಿತದ ಬೆರಳಚ್ಚನ್ನು, ಕೇಳುತ್ತದೆ. ಮೊಹರಿನ ನೇರಳೆ ಶಾಯಿ ಬೇಕೆಂದದ್ದು ನಾವೇ.

5. ಭಾಷಿಕ ಆಯಾಮ

ಪಿಡಿಎಫ್ ಜೋಪಾನ ಮಾಡುವುದು ಮುಖ್ಯವಾಗಿ ಅಕ್ಷರದ ಆಕಾರವನ್ನು. ಇಂಗ್ಲಿಷಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಕನ್ನಡದ ಇಮೇಲಾದರೆ, ಪಿಡಿಎಫ್‌ನಿಂದ ನಕಲಿಸಿ ಅಂಟಿಸಿದಾಗ ಎಷ್ಟೋ ಸಲ ಒತ್ತು ಒಂದು ದಿಕ್ಕಿಗೆ, ಕೊಂಬು ಇನ್ನೊಂದು ದಿಕ್ಕಿಗೆ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನ ಸುತ್ತೋಲೆಯಾದರೆ ಕೈಗೆ ಬರುವುದು ಚಿಹ್ನೆ ಹೊತ್ತ ಲ್ಯಾಟಿನ್ ಅಕ್ಷರಗಳ ಮೂಟೆ. ಕನ್ನಡದ ಅಭಿವೃದ್ಧಿಗೆ ನಾವು ಕೈಗೊಂಡ ಕ್ರಮಗಳಿಗೆ ಸಾಕ್ಷಿಯಾದ ಕಡತದಲ್ಲಿ ‘ಕನ್ನಡ’ ಎಂದು ಹುಡುಕಿದರೆ ಕನ್ನಡ ಸಿಗುವುದಿಲ್ಲ.

6. ಕ್ಷೇತ್ರಕಾರ್ಯ

ಈ ದ್ವಿಜ ಪಿಡಿಎಫ್‌ಗಳನ್ನು ಹೆರುವವರು ಯಾರು? ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಿ ಬರುವ ಅತಿಥಿ ಉಪನ್ಯಾಸಕರು. ಪಾಠಕ್ಕೆಂದು ಕರೆದವರನ್ನು ಸ್ಕ್ಯಾನರ್ ಮುಂದೆ ಕೂರಿಸಿದ್ದೇವೆ. ಮುಂದಿನ ವರ್ಷದ ಭಯ ಇರುವುದರಿಂದ ಅವರು ‘ಆಯ್ತು ಸರ್’ ಎನ್ನುತ್ತಾರೆ. ಇಲ್ಲಿ ಯಾವ ಸಂಕಥನವೂ ಇಲ್ಲ. ದರ್ಪ ಇದೆ, ಅಷ್ಟೇ.

ಪಿಡಿಎಫ್ ಆಗುತ್ತಿರುವುದೇನೆಂದಾದರೂ ನೋಡಿದ್ದೇವೆಯೇ? ‘ಸರ್, ಅಪ್ಪಂಗೆ ಹುಷಾರಿಲ್ಲ, ಫೀಸ್ ಕಟ್ಟೋಕೆ ಹದಿನೈದು ದಿನ ಟೈಮ್ ಬೇಕು, ಪರೀಕ್ಷೆಗೆ ಕೂರಿಸ್ತೀರಾ?’ ಎಂದು ಒಬ್ಬ ಹುಡುಗಿ ನಂಬಿಕೆಯಿಟ್ಟು ಮೇಷ್ಟರಿಗೆ ಬರೆಯುತ್ತಾಳೆ. ‘ವಿದ್ಯಾರ್ಥಿ ಮಾರ್ಗದರ್ಶನ’ ಎಂಬ ಶೀರ್ಷಿಕೆಯಡಿ ಪುರಾವೆ ಕಡಿಮೆ ಬಿದ್ದಿರುತ್ತದೆ. ಆ ಇಮೇಲ್ ಮುದ್ರಣವಾಗುತ್ತದೆ, ಸಹಿಯಾಗುತ್ತದೆ, ಅವಳ ಹೆಸರು, ರಿಜಿಸ್ಟರ್ ನಂಬರು, ಅಪ್ಪನ ಕಾಯಿಲೆಯ ಸಮೇತ ಕಾಲೇಜಿನ ಜಾಲತಾಣಕ್ಕೆ ಏರುತ್ತದೆ. ಅವಳನ್ನು ಒಂದು ಮಾತು ಕೇಳಿದವರಿಲ್ಲ. ಅವಳು ಬರೆದಳೆಂಬುದಕ್ಕೆ ನಮ್ಮಲ್ಲಿ ಮೊಹರು ಬಿದ್ದ ಸಾಕ್ಷಿಯಿದೆ. ಅವಳಿಗೆ ಉತ್ತರ ಹೋಯಿತೇ ಎಂದು ಕೇಳುವ ಕಾಲಂ ಯಾವ ನಮೂನೆಯಲ್ಲೂ ಇಲ್ಲ.

7. ಉಪಸಂಹಾರ

ಇಮೇಲನ್ನು ಕಾಪಿಡಲೇಬೇಕಾದವರು ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ ‘ಡೌನ್‌ಲೋಡ್ ಮೆಸೇಜ್’ ಆರಿಸಿದರೆ ಇಎಂಎಲ್ ಕಡತ ಸಿಗುತ್ತದೆ. ತಲೆಬರಹ, ಲಗತ್ತು, ಒತ್ತು, ಕೊಂಬು ಎಲ್ಲ ಅದರಲ್ಲಿ ಭದ್ರ. ಓದಿಕೊಳ್ಳಲು ಬೇಕಿದ್ದರೆ ಜೊತೆಗೊಂದು ಸ್ವಯಂಭೂ ಪಿಡಿಎಫ್ ಇರಲಿ. ಆದರೆ ಇದೆಲ್ಲಕ್ಕೂ ಮೊದಲು ಆ ಹುಡುಗಿಯ ಕಡತವನ್ನು ಜಾಲತಾಣದಿಂದ ಇಳಿಸಿ, ಅವಳಿಗೆ ಉತ್ತರ ಬರೆಯಿರಿ. ಪರೀಕ್ಷೆ ಹತ್ತಿರ ಬಂದಿದೆ.