ಕೋವಿ ಠಾಣೆಯಲ್ಲಿ, ಅಭಿಪ್ರಾಯ ಟಿ.ವಿ.ಯಲ್ಲಿ

ಕಾಡಿನಿಂದ ಕೋವಿ ಹಿಡಿದು ಇಳಿಯುವವರ ಬಗ್ಗೆ ಸುಳ್ಯದವರ ಅಭಿಪ್ರಾಯವೇನು? ಸ್ವಲ್ಪ ತಾಳಿ ಮಾರಾಯ್ರೆ. ಹೋದ ಸಲ ಇದೇ ಪ್ರಶ್ನೆ ತೀರ್ಮಾನವಾಗಲು 185 ವರ್ಷ ಹಿಡಿದಿತ್ತು.

1834ರಲ್ಲಿ ಕೊಡಗನ್ನು ನುಂಗಿದ ಕಂಪನಿ ಸರ್ಕಾರ ಅಮರ ಸುಳ್ಯ, ಪುತ್ತೂರು ಮಗಣೆಗಳನ್ನು ಕೆನರಾಕ್ಕೆ ಜೋಡಿಸಿತು. ಬೆಳೆಯಲ್ಲೇ ಕಂದಾಯ ಅಳೆದುಕೊಡುತ್ತಿದ್ದ ರೈತನಿಗೆ ‘ನಗದು ಕಟ್ಟು’ ಎಂದಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ದಂಡು ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು ದಾಟಿ, ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿತು. ಎರಡು ವಾರ ತುಂಬುವುದರೊಳಗೆ ಕಂಪನಿಯ ಪಟಾಲಮು ಬಂತು. ಬಂಡೆದ್ದವರಿಗೆ ಬಿಕರ್ನಕಟ್ಟೆಯಲ್ಲಿ ನೇಣು, ಕಂಪನಿಯ ಬೆನ್ನಿಗೆ ನಿಂತ ಕೊಡಗಿನವರಿಗೆ ಪದಕ.

ಅಷ್ಟಕ್ಕೇ ನಿಂತಿದ್ದರೆ ಅದು ಬರೀ ಸೈನ್ಯದ ಗೆಲುವು. ಕಂಪನಿ ಊರವರ ಬಾಯನ್ನೂ ಗೆದ್ದಿತು. ದಂಗೆ, ಅದರ ಇನ್ನೊಬ್ಬ ಮುಂದಾಳಿನ ಹೆಸರು ಹಿಡಿದು, ‘ಕಲ್ಯಾಣಪ್ಪನ ಕಾಟಕಾಯಿ’ (ಲೂಟಿ) ಆಯಿತು, ಹೋರಾಡಿದವರು ಕೊಳ್ಳೆಗಾರರಾದರು, ಮರಿಮಕ್ಕಳೂ ಅದನ್ನೇ ಹೇಳಿಕೊಂಡು ಬಂದರು. ಚಾನೆಲ್ಲು, ವಾಟ್ಸಾಪು ಒಂದೂ ಇಲ್ಲದೆ ಇಷ್ಟು ಸಾಧನೆ! ಆ ಮಾತು ತಿರುಗಲು 185 ವರ್ಷ ಬೇಕಾಯಿತು: 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿಗಳೇ ಬಂದು ಅದೇ ಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಅನಾವರಣ ಮಾಡಿದರು.

ಈಗಿನವರ ಸಂಗತಿ ಬೇರೆ. 2024ರ ಮಾರ್ಚಿನಲ್ಲಿ ಸುಬ್ರಹ್ಮಣ್ಯದ ಬಳಿಯ ಐನೆಕಿದಿಗೆ ನಕ್ಸಲರು ಬಂದು, ಉಂಡು, ದಿನಸಿ ಕಟ್ಟಿಕೊಂಡು ಹೋದರೆಂದು ಸುದ್ದಿಯಾಯಿತು. ನಕ್ಸಲ್ ನಿಗ್ರಹ ಪಡೆ ಕಾಡು ಜಾಲಾಡಿತು. ಸ್ಟುಡಿಯೋದಲ್ಲಿ ಕೂತವರಿಗೆ ಸಂಜೆಯೊಳಗೆ ಅಭಿಪ್ರಾಯ ಸಿದ್ಧ. ಬಡಿಸಿದ ಮನೆಯವರನ್ನು ಕೇಳಿದರೆ? ಹೇಳಿದರೆ ನಕ್ಸಲರ ಕಾಟ, ಹೇಳದಿದ್ದರೆ ಪೊಲೀಸರ ಕಾಟ. ಹಾಗಾಗಿ ಅಲ್ಲಿನ ಜನಾಭಿಪ್ರಾಯ ಒಂದೇ: ‘ಕತ್ತಲಲ್ಲವಾ, ಮುಖ ಸರಿ ಕಾಣಲಿಲ್ಲ.’

ಅದೇ ಹೊತ್ತಿಗೆ ಲೋಕಸಭಾ ಚುನಾವಣೆ. ತೋಟ ಕಾಯುವ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಎಂದು ಅಪ್ಪಣೆ. ಲೈಸೆನ್ಸಿಲ್ಲದ ಕೋವಿ ಕಾಡಲ್ಲಿ ತಿರುಗಾಡಿತು, ಲೈಸೆನ್ಸಿದ್ದದ್ದು ಠಾಣೆಯ ಮೂಲೆ ಸೇರಿತು. ತೋಟಕ್ಕೆ ನುಗ್ಗುವ ಕಡಬದ ಆನೆ, ಮಂಗಗಳಿಗೆ ನೀತಿಸಂಹಿತೆ ತಲುಪಿರಲಿಲ್ಲ. ಹೊಡೆದು ಮಾಯವಾಗುವ ಯುದ್ಧ ಕಲಿಯುವವರು ಪುಸ್ತಕ ಬಿಟ್ಟು ಅವುಗಳ ಹಿಂದೆ ಹೋಗಬೇಕು; ಅವಕ್ಕೆ ಜನಬೆಂಬಲವೂ ಬೇಡ, ಬಾಳೆಗೊನೆ ಸಾಕು.

2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳೆದುರು ಶರಣಾದರು, ಬರಿಗೈಯಲ್ಲಿ. ಕೋವಿ ಎಲ್ಲಿ ಎಂದು ವಿರೋಧ ಪಕ್ಷ ಕೇಳಿತು. ಅವು ಆಮೇಲೆ ಕೊಪ್ಪದ ಕಡೆಯ ಕಾಡಿನಲ್ಲಿ ಸಿಕ್ಕವು. ಚುನಾವಣೆ ಬಂದಾಗಲೆಲ್ಲ ತಾನೇ ಹೊತ್ತೊಯ್ದು ಕೋವಿ ಒಪ್ಪಿಸಿ, ಕೈಮುಗಿದು ರಸೀದಿ ಪಡೆಯುವ ಪುತ್ತೂರಿನ ಅಡಿಕೆ ಬೆಳೆಗಾರ, ಶರಣಾದ ನಕ್ಸಲರಿಗೆ ಸರ್ಕಾರ ಕೊಡುವ ಪ್ಯಾಕೇಜಿನ ಅರ್ಜಿ ಯಾವ ಕೌಂಟರಿನಲ್ಲಿ ಸಿಗುತ್ತದೆಂದು ವಿಚಾರಿಸಿದರೆ ತಪ್ಪೇ?